ಹತ್ತೊಂಬತ್ತನೇ ಚೀಲದ ಕಲ್ಲು

ಇಪ್ಪತ್ತೆಂಟು ವರ್ಷಗಳ ಒಡನಾಟದಲ್ಲಿ ಯೋಗಾನಂದ ಬೆನಕಪ್ಪನನ್ನು ಏಕವಚನದಲ್ಲಿ ಮಾತಾಡಿಸಿದ್ದು ಒಂದೇ ಒಂದು ಸಲ. ಆ ಮಾತು ಬಾಯಿಂದ ಬಿದ್ದ ಮೇಲೆ ಅವನು ಎಲ್ಲಿ ಕೂತರೂ ನೆಟ್ಟಗೆ ಕೂತವನಲ್ಲ.

ತರೀಕೆರೆಯ ಒಂದು ಕಾಲೇಜಿನಲ್ಲಿ ಯೋಗಾನಂದ ಭೂವಿಜ್ಞಾನದ ಮೇಷ್ಟ್ರು, ಆ ವಿಭಾಗದ ಮುಖ್ಯಸ್ಥ. ಊರು ಅಮೃತಾಪುರ. ಅಪ್ಪ ಓಬಳಪ್ಪ ಕ್ವಾರಿಯಲ್ಲಿ ಜಲ್ಲಿ ಒಡೆದು ಮಗನನ್ನು ಓದಿಸಿದ್ದ. ಅದೇ ಕಾಲೇಜಿಗೆ ಹದಿನೆಂಟರ ಹುಡುಗನಾಗಿ ಸೇರಿ, ಹಿಂದಿನ ಬೆಂಚಿನಲ್ಲಿ ಮುದುಡಿಕೊಂಡು ಕೂರುತ್ತಿದ್ದವನ ಕೈಗೆ ಮೊದಲ ಕಲ್ಲು ಇಟ್ಟವನು ಲ್ಯಾಬಿನ ಅಟೆಂಡರ್ ಬೆನಕಪ್ಪ. ಹಿರೇನಲ್ಲೂರಿನವನು, ದಿನಾ ಕಡೂರಿನಲ್ಲಿ ಬಸ್ಸು ಬದಲಿಸಿ ಬರುತ್ತಿದ್ದ. ಎಸ್ಸೆಸ್ಸೆಲ್ಸಿ ದಾಟಿರಲಿಲ್ಲ. ಇಂಗ್ಲಿಷ್ ಹೆಸರುಗಳು ಅವನ ನಾಲಿಗೆಗೆ ಹೊಂದುತ್ತಿರಲಿಲ್ಲ. ಆದರೆ ಬೀರುಗಳಲ್ಲಿದ್ದ ಸಾವಿರದ ಚಿಲ್ಲರೆ ಕಲ್ಲುಗಳನ್ನು ಕಣ್ಣು ಮುಚ್ಚಿಕೊಂಡು, ಬರೀ ಅಂಗೈಯಲ್ಲಿ ತೂಗಿ ಹೇಳುತ್ತಿದ್ದ. ಮೇಲಿನ ಬಣ್ಣ ಕಂಡು ಮೋಸ ಹೋಗಬೇಡ, ಬಿಳಿ ಪಿಂಗಾಣಿ ಬಿಲ್ಲೆಯ ಮೇಲೆ ಉಜ್ಜಿದಾಗ ಉಳಿಯುವ ಪುಡಿಯ ಬಣ್ಣವೇ ಕಲ್ಲಿನ ನಿಜ ಬಣ್ಣ ಎಂದು ಯೋಗಾನಂದನಿಗೆ ಕಲಿಸಿದವನು ಅವನೇ. ಮುಂದೆ ಹುಡುಗ ಓದಿ ಮೇಷ್ಟ್ರಾಗಿ ಅಲ್ಲಿಗೇ ಬಂದಾಗ ಬೆನಕಪ್ಪ ಅವತ್ತಿನಿಂದಲೇ 'ಸಾರ್' ಎನ್ನತೊಡಗಿದ. ಯೋಗಾನಂದ ಮಾತ್ರ 'ಬೆನಕಪ್ಪಣ್ಣ, ಬನ್ನಿ, ಕೂತ್ಕೊಳ್ಳಿ' ಎನ್ನುವುದನ್ನು ಬಿಡಲಿಲ್ಲ.

ಹೋದ ವರ್ಷ ಫೆಬ್ರುವರಿಯಲ್ಲಿ ಯೋಗಾನಂದ ಕೊನೇ ವರ್ಷದ ಹನ್ನೊಂದು ಮಕ್ಕಳನ್ನು ಅಜ್ಜಂಪುರದ ಹತ್ತಿರದ ಹೊನ್ನಗುಂಡಿಗೆ ಕರೆದುಕೊಂಡು ಹೋದ. ಯಾವುದೋ ಕಾಲದಲ್ಲಿ ಚಿನ್ನಕ್ಕೆಂದು ತೋಡಿ ಬಿಟ್ಟ ಗುಂಡಿಗಳು ಆ ಊರಿನ ಮಗ್ಗುಲಲ್ಲೇ ಇವೆ. ಮಕ್ಕಳು ಬೆಣಚುಕಲ್ಲಿನ ಚೂರುಗಳನ್ನು ಬಟ್ಟೆ ಚೀಲಗಳಿಗೆ ತುಂಬಿ, ನಂಬರು ಬರೆದು ತಂದರು. ಹತ್ತೊಂಬತ್ತನೇ ಚೀಲ ಮಧುಶ್ರೀ ಎಂಬ ಹುಡುಗಿಯದು. ಅಜ್ಜಂಪುರದವಳು, ಮಾತು ಕಡಿಮೆ, ಅಕ್ಷರ ಮುತ್ತಿನ ಹಾಗೆ. ಒಂದು ವಾರದ ಮೇಲೆ ಅವಳು ಚೀಲ ಸುರುವಿ ವಿಂಗಡಿಸುವಾಗ ಬೆಣಚುಕಲ್ಲುಗಳ ನಡುವೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಬೂದುಗಪ್ಪು ಚೂರೊಂದು ಸಿಕ್ಕಿತು. ಸೂಜಿ ಸೂಜಿಯಾಗಿ ಜೋಡಿಸಿದಂತಿತ್ತು. ಉಗುರಿನಿಂದ ಗೀರಿದರೆ ಗೀರು ಬೀಳುವಷ್ಟು ಮೆದು. ಬಿಲ್ಲೆಯ ಮೇಲೆ ಉಜ್ಜಿದಳು. ಬೂದು ಗೆರೆ ಬರುತ್ತದೆಂದು ಕಾದವಳಿಗೆ ರಕ್ತದಂಥ ಕೆಂಪು ಗೆರೆ ಕಂಡಿತು. ಅವಳು ಓಡಿ ಬಂದು ಯೋಗಾನಂದನನ್ನು ಕರೆದಳು.

ಬೆಂಗಳೂರಿನ ಪ್ರಯೋಗಾಲಯದಿಂದ ಫಲಿತಾಂಶ ಬಂದಾಗ ಯೋಗಾನಂದ ಅದನ್ನು ಎರಡೆರಡು ಸಲ ಓದಿದ. ಪಾದರಸ, ಆಂಟಿಮನಿ, ಗಂಧಕ. ಹೆಸರು ಲಿವಿಂಗ್‌ಸ್ಟೋನೈಟ್. ಸಲ್ಫೋಸಾಲ್ಟ್ ಎನ್ನುವ ಪಂಗಡದ್ದು, ಅಂದರೆ ಗಂಧಕವು ಒಂದು ಲೋಹವನ್ನೂ ಆಂಟಿಮನಿಯಂಥ ಅರೆಲೋಹವನ್ನೂ ಒಟ್ಟಿಗೆ ಕಟ್ಟಿಕೊಂಡು ಆದ ಖನಿಜ. ಅದರಲ್ಲೂ ಪಾದರಸವನ್ನು ಕಟ್ಟಿಕೊಂಡಿರುವವು ಭೂಮಿಯ ಮೇಲೆ ಬೆರಳೆಣಿಕೆಯಷ್ಟು ಜಾಗಗಳಲ್ಲಿ ಮಾತ್ರ.

ಆ ಗಳಿಗೆಯಲ್ಲೇ ಅವನಿಗೆ ಸಂಶಯ ಬರಬೇಕಿತ್ತು. ಪಾದರಸ ಒಂದು ಕಡೆ ನಿಲ್ಲುವ ಜೀವವಲ್ಲ. ನೆಲದ ಮೇಲ್ಪದರದಲ್ಲಿ ಬಿಸಿನೀರಿನ ಬುಗ್ಗೆಗಳು ಹಾಯುವ ಎಳೆಯ ಬಂಡೆಗಳಲ್ಲಿ, ಹದವಾದ ಶಾಖದಲ್ಲಿ ಅದು ಗಂಧಕದ ಜೊತೆ ಕೂಡಿ ಗಟ್ಟಿಯಾಗುತ್ತದೆ. ಶಾಖ ಹೆಚ್ಚಾದರೆ ಎಲ್ಲಕ್ಕಿಂತ ಮೊದಲು ಎದ್ದು ಹೋಗುವುದೂ ಅದೇ. ಹೊನ್ನಗುಂಡಿಯ ಬಂಡೆಗೆ ಇನ್ನೂರೈವತ್ತು ಕೋಟಿ ವರ್ಷ. ಅದು ಆಳಕ್ಕೆ ಹೋಗಿ, ಬೆಂದು, ಮಡಿಸಿಕೊಂಡು ಮೇಲೆ ಬಂದದ್ದು. ಅದರಲ್ಲಿ ಪಾದರಸ ಉಳಿದಿದೆ ಎನ್ನುವುದು ಉಕ್ಕಿ ಇಳಿದ ಹಾಲಿನಲ್ಲಿ ನೊರೆ ಹುಡುಕಿದ ಹಾಗೆ. ಇದನ್ನು ಅವನೇ ವರ್ಷ ವರ್ಷ ಪಾಠ ಮಾಡುತ್ತಿದ್ದ. ಆದರೆ ಆಸೆ ಬಂದ ಮನಸ್ಸು ಕಾರಣಗಳನ್ನೂ ಹುಟ್ಟಿಸಿಕೊಡುತ್ತದೆ. ಯಾವುದೋ ಈಚಿನ ಬಿರುಕಿನಲ್ಲಿ ಬಿಸಿನೀರು ಹರಿದಿರಬೇಕು ಎಂದುಕೊಂಡ. ಮೂರು ಪುಟದ ಟಿಪ್ಪಣಿ ಬರೆದು ಒಂದು ವಿಜ್ಞಾನ ಪತ್ರಿಕೆಗೆ ಕಳಿಸಿದ. ಅವನ ಹೆಸರಿನ ಪಕ್ಕದಲ್ಲಿ ಮಧುಶ್ರೀಯ ಹೆಸರೂ ಇತ್ತು. ವಿಷಯ ಹೇಗೋ ದಿನಪತ್ರಿಕೆಗೆ ಸಿಕ್ಕಿ, 'ಅಜ್ಜಂಪುರದ ಒಡಲಲ್ಲಿ ಪಾದರಸದ ಅಪರೂಪದ ಖನಿಜ' ಎಂದು ಅವನ ಫೋಟೋ ಸಮೇತ ಬಂತು. ಮಾವ ಇದ್ದಿದ್ದರೆ ಎಂದು ಯೋಗಾನಂದನ ಹೆಂಡತಿ ಕೋಮಲಾ ಕಣ್ಣು ಒರೆಸಿಕೊಂಡಳು.

ಸುದ್ದಿ ಬಂದ ಮಾರನೇ ದಿನ ಬೆನಕಪ್ಪ ಲ್ಯಾಬಿನ ಬಾಗಿಲು ಹಾಕಿ ಒಳಗೆ ಬಂದ. ಕೈಯಲ್ಲಿ ಮೂರನೇ ಬೀರುವಿನ ಒಂದು ಮರದ ತಟ್ಟೆ. ಕಾಲೇಜು ಶುರುವಾದ ಕಾಲದ ಮೇಷ್ಟ್ರೊಬ್ಬರು ಹೊರದೇಶದವರಿಗೆ ಇಲ್ಲಿನ ಕಲ್ಲು ಕಳಿಸಿ ಅಲ್ಲಿನ ಕಲ್ಲು ತರಿಸಿಕೊಂಡಿದ್ದರು. ಅಂಥವನ್ನು ಆ ಬೀರುವಿನಲ್ಲಿ ಬೀಗ ಹಾಕಿ ಇಡುತ್ತಿದ್ದರು. ತಟ್ಟೆಯಲ್ಲಿದ್ದ ಕಲ್ಲಿಗೆ ಆಂಟಿಮನಿಯ ಸಾಮಾನ್ಯ ಅದಿರು ಎಂದು ಹಳೇ ಚೀಟಿ ಅಂಟಿಸಿದ್ದರು. ಬೆನಕಪ್ಪ ಅದನ್ನು ಕಣ್ಣಿಗೆ ಹಚ್ಚೋ ಅಂಜನದ ಕಲ್ಲು ಎನ್ನುತ್ತಿದ್ದ. ಕಲ್ಲಿನ ಒಂದು ಮೂಲೆ ಹೊಸದಾಗಿ ಒಡೆದಿತ್ತು.

"ಪೇಪರ್‌ನಾಗೆ ಬಂದಿರೋದು ಈ ಕಲ್ಲು ಸಾರ್. ಹೊನ್ನಗುಂಡಿದಲ್ಲ," ಎಂದ ಬೆನಕಪ್ಪ. ಬೇರೆ ಅಂಜನದ ಕಲ್ಲುಗಳಿಗಿಂತ ಇದು ಕೈಗೆ ಒಂದು ಗುಲಗಂಜಿ ಭಾರ ಜಾಸ್ತಿ ಅಂತ ನನಗೆ ಮೊದಲಿಂದಲೂ ಅನ್ನಿಸುತ್ತಿತ್ತು, ಚೀಟಿ ಬರೆದವರು ದೊಡ್ಡವರು ಅಂತ ಸುಮ್ಮನಿದ್ದೆ, ಈಗ ಉಜ್ಜಿ ನೋಡಿದೆ ಎಂದು ಬಿಲ್ಲೆ ಮುಂದಿಟ್ಟ. ಕೆಂಪು ಗೆರೆ. ಕಲ್ಲಿನ ಬುಡಕ್ಕೆ ಮೆತ್ತಿಕೊಂಡಿದ್ದ ಬಿಳಿ ಜಿಪ್ಸಮ್ಮನ್ನೂ ಹಳದಿ ಗಂಧಕದ ಚುಕ್ಕೆಗಳನ್ನೂ ತೋರಿಸಿದ. ಅಂಥದ್ದು ಹೊನ್ನಗುಂಡಿಯಲ್ಲಿ ಎಲ್ಲೂ ಇಲ್ಲ.

ಯೋಗಾನಂದನಿಗೆ ಎಲ್ಲ ನೆನಪಾಯಿತು. ಹೊನ್ನಗುಂಡಿಯಿಂದ ಬಂದ ಮಾರನೇ ದಿನ, ಪಾಠದಲ್ಲಿ ತೋರಿಸುವ ಅಂಜನದ ಕಲ್ಲು ಪುಡಿಯಾಗಿದೆಯೆಂದು ತಾನೇ ಬೀರು ತೆಗೆಸಿ, ಈ ಕಲ್ಲಿನ ಮೂಲೆಗೆ ಸುತ್ತಿಗೆಯಿಂದ ತಟ್ಟಿ ಚೂರು ತೆಗೆದಿದ್ದ. ಅಷ್ಟರಲ್ಲಿ ಪ್ರಿನ್ಸಿಪಾಲರ ಫೋನು ಬಂದಿತ್ತು. ಚೂರನ್ನು ಮೇಜಿನ ಮೇಲೆ ಬಾಯಿ ತೆರೆದಿದ್ದ ಯಾವುದೋ ಚೀಲದೊಳಗೆ ಇಟ್ಟು ಹೋಗಿದ್ದ. ಆಮೇಲೆ ಮರೆತೇಹೋಗಿತ್ತು.

ಅದನ್ನು ಆಗಲೇ ಹೇಳಿಬಿಟ್ಟಿದ್ದರೆ ಅದು ಬರೀ ತಪ್ಪಾಗಿ ಮುಗಿಯುತ್ತಿತ್ತು. ಎರಡು ದಿನ ಕಳೆದರೆ ಹೊನ್ನಗುಂಡಿಯಲ್ಲಿ ಸನ್ಮಾನ. ಬ್ಯಾನರು ಕಟ್ಟಿಯಾಗಿತ್ತು. ಯೋಗಾನಂದ ತಟ್ಟೆಯನ್ನು ಬೆನಕಪ್ಪನ ಕಡೆಗೆ ತಳ್ಳಿ, "ಧೂಳು ಒರೆಸೋನು ಧೂಳು ಒರೆಸು. ನಿನಗ್ಯಾಕೆ ಇದೆಲ್ಲ?" ಎಂದ.

ಬೆನಕಪ್ಪ ತಟ್ಟೆ ಎತ್ತಿಕೊಂಡು ಬೀರುವಿನಲ್ಲಿಟ್ಟು, ಬೀಗ ಹಾಕಿ, ಹೊರಗೆ ಹೋದ.

ಹೊನ್ನಗುಂಡಿಯ ಶಾಲೆಯ ಅಂಗಳದಲ್ಲಿ ಯೋಗಾನಂದನಿಗೆ ಶಾಲು ಹೊದಿಸಿದರು. ನಮ್ಮ ಊರಿನ ಹೆಸರು ದೇಶದೇಶಕ್ಕೆ ಹೋಯಿತು ಎಂದು ಹಿರಿಯರು ಮಾತಾಡಿದರು. ಕಾಂತಮ್ಮ ಎಂಬ ಹೆಂಗಸು ಸೆರಗು ಸರಿ ಮಾಡಿಕೊಳ್ಳುತ್ತ ಎದ್ದು, ಗುಂಡಿಯ ಪಕ್ಕದಲ್ಲೇ ಊರ ಕೈಪಂಪು ಇದೆಯಲ್ಲ, ಪಾದರಸ ವಿಷ ಅಂತಾರೆ, ನೀರು ಕುಡಿಯಬಹುದಾ ಎಂದು ಕೇಳಿದಳು. ಕುಡಿಯಬಹುದು ಎಂದರೆ ಪಾದರಸ ಇಲ್ಲವೇ ಎಂಬ ಪ್ರಶ್ನೆ ಏಳುತ್ತದೆ ಎಂದು ಯೋಗಾನಂದ ಹೆದರಿದ. ಪರೀಕ್ಷೆ ಆಗುವವರೆಗೆ ಸ್ವಲ್ಪ ಹುಷಾರಾಗಿರಿ ಎಂದು ಹೇಳಿ ಕೂತುಬಿಟ್ಟ. ಶಾಲಿನ ಕೆಳಗೆ ಬೆನ್ನು ಬೆವರುತ್ತಿತ್ತು.

ಒಂದೂವರೆ ತಿಂಗಳ ಮೇಲೆ ಬೆಂಗಳೂರಿನಿಂದ ಇಬ್ಬರು ತಜ್ಞರು ಬಂದರು. ಎರಡು ದಿನ ಗುಂಡಿಗಳನ್ನೆಲ್ಲ ಸುತ್ತಿದರು. ಕೆಂಪು ಗೆರೆ ಬರುವ ಒಂದು ಕಣವೂ ಸಿಗಲಿಲ್ಲ. ಮೂರನೇ ದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ಕೂತು, ಈ ಚೂರಿಗೆ ಜಿಪ್ಸಮ್ ಅಂಟಿದೆ, ಇದು ಆ ನೆಲದ್ದಲ್ಲ, ಯಾವುದೋ ಸಂಗ್ರಹದಿಂದ ಬಂದು ಸೇರಿದೆ ಎಂದು ಸ್ಪಷ್ಟವಾಗಿ ಹೇಳಿದರು. ಪ್ರಿನ್ಸಿಪಾಲರ ಮುಖ ಕಪ್ಪಿಟ್ಟಿತು. ಚೀಲ ಯಾರದು ಎಂದು ಕೇಳಿದರು. ಮಧುಶ್ರೀಯನ್ನು ಕರೆಸಿದರು.

ಹುಡುಗಿ ಬಂದು ಮೇಜಿನ ಮುಂದೆ ನಿಂತಳು. ಚೀಲ ನನ್ನದೇ, ಅಕ್ಷರ ನನ್ನದೇ, ಚೂರು ಅದರೊಳಗೇ ಇತ್ತು ಎಂದಳು. ಎಂಎಸ್ಸಿ ಸೀಟಿಗೋಸ್ಕರ ಮಾಡಿದೆಯೇನಮ್ಮ ಎಂದು ಪ್ರಿನ್ಸಿಪಾಲರು ಕೇಳಿದರು. ಅವಳು ಯೋಗಾನಂದನ ಕಡೆ ತಿರುಗಿದಳು. ಯೋಗಾನಂದ ಮೇಜಿನ ಮೇಲಿದ್ದ ಗಾಜಿನ ಪೇಪರ್‌ವೇಟನ್ನು ನೋಡುತ್ತಿದ್ದ. ಇನ್ನೊಂದು ಕ್ಷಣ, ಇನ್ನೊಂದು ಕ್ಷಣ ಬಿಟ್ಟು ಹೇಳುತ್ತೇನೆ ಎಂದು ಅವನು ಮುಂದೂಡುತ್ತಿದ್ದ.

ರಿಜಿಸ್ಟರು ತಂದುಕೊಟ್ಟು ಬಾಗಿಲ ಬಳಿ ನಿಂತಿದ್ದ ಬೆನಕಪ್ಪ ಎರಡು ಹೆಜ್ಜೆ ಮುಂದೆ ಬಂದ.

"ಆ ಮಗಿಂದು ಏನೂ ಇಲ್ಲ ಸಾರ್. ಮೇಜು ಒರೆಸೋವಾಗ ಬೀರು ಕಲ್ಲಿನ ಚೂರು ಬಿದ್ದಿತ್ತು. ಚೀಲದ್ದೇ ಅಂದ್ಕೊಂಡು ನಾನೇ ಒಳಕ್ಕೆ ಹಾಕ್ದೆ."

ಹೇಳುವಾಗ ಅವನು ಯೋಗಾನಂದನ ಕಡೆ ನೋಡಲಿಲ್ಲ. ತಜ್ಞರು ತಲೆ ಆಡಿಸಿದರು. ಪ್ರಿನ್ಸಿಪಾಲರು ನಿಟ್ಟುಸಿರು ಬಿಟ್ಟು ಗುಮಾಸ್ತನಿಗೆ ನೋಟಿಸು ಟೈಪು ಮಾಡಲು ಹೇಳಿದರು. ನಿವೃತ್ತಿಗೆ ಎರಡು ತಿಂಗಳಿದ್ದ ಬೆನಕಪ್ಪ ವಿಚಾರಣೆ ಮುಗಿಯುವವರೆಗೆ ಲ್ಯಾಬಿಗೆ ಕಾಲಿಡುವಂತಿಲ್ಲ ಎಂದಾಯಿತು. ಅವನು ಸೊಂಟದಿಂದ ಬೀರುಗಳ ಕೀಲಿಗೊಂಚಲು ಬಿಚ್ಚಿ, ಯಾರ ಕೈಗೆ ಕೊಡಲಿ ಎಂದು ಕೇಳಿದ. ವಿಭಾಗದ ಮುಖ್ಯಸ್ಥರಿಗೆ ಎಂದರು. ಯೋಗಾನಂದ ಕೈ ಚಾಚಿ ಅದನ್ನು ತೆಗೆದುಕೊಂಡ. ಕೀಲಿಗಳು ಬೆಚ್ಚಗಿದ್ದವು.

ನಾಲ್ಕು ದಿನ ಅವನಿಗೆ ಅನ್ನ ಸೇರಲಿಲ್ಲ. ಪ್ರತಿ ಸಲ ಲ್ಯಾಬಿನ ಬಾಗಿಲು ತೆಗೆದಾಗಲೂ ಒದ್ದೆ ಬಟ್ಟೆಯ ವಾಸನೆ ಇಲ್ಲದ್ದು ಗೊತ್ತಾಗುತ್ತಿತ್ತು. ಮಕ್ಕಳು ಬೆನಕಪ್ಪನ ಬಗ್ಗೆ ಪಿಸುಗುಟ್ಟುತ್ತಿದ್ದರು, ವಯಸ್ಸಾಯ್ತು, ಅರುಳುಮರುಳು ಎಂದು. ಅದನ್ನು ಕೇಳಿಯೂ ಕೇಳದವನಂತೆ ಅವನು ಹಾದುಹೋಗುತ್ತಿದ್ದ. ಶನಿವಾರ ಸಂಜೆ ತಡೆಯಲಾರದೆ ಕೋಮಲಾಳಿಗೆ ಎಲ್ಲವನ್ನೂ ಹೇಳಿದ. ಅವಳು ಸಮಾಧಾನ ಮಾಡುತ್ತಾಳೆ ಎಂಬ ಆಸೆ ಒಳಗೊಳಗೇ ಇತ್ತು. ಅವಳು ಗೋಡೆಯ ಮೇಲಿದ್ದ ಮಾವನ ಫೋಟೋ ನೋಡಿದಳು. "ನಂಗೆ ಹೇಳಿ ಏನ್ರೀ ಪ್ರಯೋಜನ? ನನಗೇನು ನೋಟಿಸು ಬಂದಿಲ್ಲ," ಎಂದು ಎದ್ದು ಹೋದಳು.

ಭಾನುವಾರ ಬೆಳಿಗ್ಗೆ ಅವನು ಬೈಕಿನಲ್ಲಿ ಹಿರೇನಲ್ಲೂರಿಗೆ ಹೋದ. ಅಷ್ಟು ವರ್ಷದಲ್ಲಿ ಬೆನಕಪ್ಪನ ಮನೆಗೆ ಹೋಗಿರಲಿಲ್ಲ; ದಾರಿ ಕೇಳಿಕೊಂಡು ಹೋಗಬೇಕಾಯಿತು. ಬೆನಕಪ್ಪ ಅಂಗಳದಲ್ಲಿ ಮೊರ ಹಿಡಿದು ಹುರುಳಿ ಕೇರುತ್ತಿದ್ದ. ಅವನ ಹೆಂಡತಿ ತೀರ್ಥಮ್ಮ ಚಾಪೆ ಹಾಸಿ, ಮೇಷ್ಟ್ರು ಮನೆಗೆ ಬಂದರು ಎಂದು ಸಂಭ್ರಮದಿಂದ ಮಜ್ಜಿಗೆ ತಂದಿಟ್ಟಳು. ಗಂಡನಿಗೆ ರಜೆ ಯಾಕೆ ಕೊಟ್ಟಿದ್ದಾರೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹಳೇ ರಜೆ ಉಳಿದಿತ್ತು ಎಂದಷ್ಟೇ ಬೆನಕಪ್ಪ ಹೇಳಿದ್ದನಂತೆ. ಇದು ತಿಳಿದು ಯೋಗಾನಂದನಿಗೆ ಲೋಟ ಎತ್ತಲಾಗಲಿಲ್ಲ.

ತೀರ್ಥಮ್ಮ ಒಳಗೆ ಹೋದ ಮೇಲೆ ಅವನು ತಲೆ ತಗ್ಗಿಸಿಕೊಂಡೇ, ತಪ್ಪಾಯಿತು ಬೆನಕಪ್ಪಣ್ಣ ಎಂದ. ಅವತ್ತು ಧೂಳು ಒರೆಸು ಅಂದದ್ದು, ಆಮೇಲೆ ಬಾಯಿ ಮುಚ್ಚಿಕೊಂಡು ಕೂತದ್ದು ಎಲ್ಲವನ್ನೂ ತೊದಲುತ್ತ ಹೇಳಿದ. ನಾಳೆಯೇ ಪ್ರಿನ್ಸಿಪಾಲರ ಮುಂದೆ ನಿಜ ಹೇಳುತ್ತೇನೆ ಎಂದ.

ಬೆನಕಪ್ಪ ಮೊರ ಕೆಳಗಿಟ್ಟ.

"ಧೂಳು ಒರೆಸೋನೇ ನಾನು. ಅದಕ್ಕೆ ಬ್ಯಾಸ್ರ ಇಲ್ಲ ಸಾರ್. ಆ ಹುಡುಗಿ ನಿಮ್ಮ ಮಕ ನೋಡ್ತು. ನೀವು ಅದರ ಮಕ ನೋಡ್ಲಿಲ್ಲ. ಅದನ್ನ ಮಾತ್ರ ನಂಗೆ ನೋಡಕ್ಕಾಗ್ಲಿಲ್ಲ."

ಯೋಗಾನಂದ ಮಜ್ಜಿಗೆಯ ಲೋಟವನ್ನು ಪಕ್ಕಕ್ಕೆ ಸರಿಸಿದ.

"ನನ್ನ ವಿಚಾರ ಹಂಗಿರ್ಲಿ," ಬೆನಕಪ್ಪ ಮುಂದುವರಿಸಿದ. "ಹೊನ್ನಗುಂಡಿಗೆ ನಮ್ಮ ತಂಗಿ ಮಗಳನ್ನ ಕೊಟ್ಟೈತೆ. ನೀವು ಹುಷಾರು ಅಂದಿದ್ದೇ ಬಂತು, ಊರೋರು ಕೈಪಂಪಿನ ನೀರು ಮುಟ್ತಾ ಇಲ್ಲ. ಮೂರು ಹೊಲ ದಾಟಿ ಯಾರದೋ ಮೋಟರಿಂದ ಹೊತ್ತು ತತ್ತಾರೆ. ಬ್ಯಾಸಗೆ ಬೇರೆ. ಮೊದ್ಲು ಅಲ್ಲಿಗೆ ಹೋಗಿ. ಕಾಲೇಜು ನಾಳೆ ಬಾಗಿಲು ತೆಗೀತದೆ."

ಮಜ್ಜಿಗೆ ಹಾಗೇ ಉಳಿಯಿತು. ಯೋಗಾನಂದ ಅಲ್ಲಿಂದ ನೇರ ಕಡೂರು, ಬೀರೂರು ದಾಟಿ ಹೊನ್ನಗುಂಡಿಗೆ ಬಂದ. ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು. ಕೈಪಂಪಿನ ಹಿಡಿಗೆ ಯಾರೋ ಹಗ್ಗ ಸುತ್ತಿ ಕಟ್ಟಿದ್ದರು. ಬುಡದಲ್ಲಿ ಸದಾ ಇರುತ್ತಿದ್ದ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಹೊಲದ ಕಡೆಯಿಂದ ಐದಾರು ಹೆಂಗಸರು ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಇಟ್ಟುಕೊಂಡು ಬರುತ್ತಿದ್ದರು. ಮುಂದಿನವಳು ಕಾಂತಮ್ಮ. ಅವನನ್ನು ಗುರುತು ಹಿಡಿದು ಕೊಡ ಇಳಿಸಿ, "ಟೆಸ್ಟಿಂಗ್ ಆಯ್ತಾ ಮೇಷ್ಟ್ರೇ?" ಎಂದಳು.

ಯೋಗಾನಂದ ಅಲ್ಲೇ ನಿಂತು ಹೇಳಿದ. ಕಲ್ಲು ಈ ಊರಿನದಲ್ಲ, ಕಾಲೇಜಿನ ಬೀರುವಿನದು, ಚೀಲಕ್ಕೆ ಹಾಕಿದವನು ನಾನೇ, ಸನ್ಮಾನದ ದಿನ ಅದು ನನಗೆ ಗೊತ್ತಿತ್ತು, ಗೊತ್ತಿದ್ದೇ ನಿಮಗೆ ಸುಳ್ಳು ಹೇಳಿದೆ ಎಂದ. ಈ ನೆಲದಲ್ಲಿ ಪಾದರಸ ಇಲ್ಲ ಎಂದು ಹಗ್ಗ ಬಿಚ್ಚಿ, ಪಂಪು ಒತ್ತಿ, ತುಕ್ಕಿನ ನೀರು ಹೋಗಿ ತಿಳಿ ಬಂದ ಮೇಲೆ ಬೊಗಸೆಯೊಡ್ಡಿ ಕುಡಿದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

"ಆವತ್ತು ಐತೆ ಅಂದ್ರಿ, ಇವತ್ತು ಇಲ್ಲ ಅಂತೀರಿ," ಎಂದಳು ಕಾಂತಮ್ಮ. "ನೀವು ಒಂದ್ ಬೊಗಸೆ ಕುಡುದು ಹೋಯ್ತೀರಿ. ನಮ್ ಸೊಸೆ ಎಂಟು ತಿಂಗಳ ಬಸುರಿ. ಅವಳು ದಿನಾ ಕುಡೀಬೇಕಲ್ಲ."

ಅವಳು ಕೊಡ ಎತ್ತಿ ತಲೆಗಿಟ್ಟುಕೊಂಡು ನಡೆದಳು. ಅವನು ಎರಡು ಬಾಟಲಿಗೆ ಆ ನೀರು ಹಿಡಿದುಕೊಂಡು, ಮಾರನೇ ದಿನವೇ ಪರೀಕ್ಷೆಗೆ ಕಳಿಸಿದ. ವರದಿ ಬರಲು ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನವೂ ಕೊಡ ಹೊತ್ತ ಹೆಂಗಸರ ಸಾಲು ಅವನ ಕಣ್ಣ ಮುಂದೆ ನಡೆಯುತ್ತಲೇ ಇತ್ತು. ನೀರು ಚೆನ್ನಾಗಿದೆ ಎಂದು ಬಂದ ಕಾಗದವನ್ನು ಅವನು ತಾನೇ ಒಯ್ದು ಪಂಪಿನ ಹತ್ತಿರ ಓದಿ ಹೇಳಿದ. ಕಾಂತಮ್ಮ ಕಾಗದ ಇಸಿದುಕೊಂಡು, ಶಾಲೆಯ ಮೇಷ್ಟ್ರ ಹತ್ತಿರ ಇನ್ನೊಂದು ಸಲ ಓದಿಸಿದ ಮೇಲೆಯೇ ಕೊಡ ಇಟ್ಟಳು.

ಹೊನ್ನಗುಂಡಿಯಲ್ಲಿ ನಿಜ ಹೇಳಿ ಬಂದ ಮಾರನೇ ದಿನ, ಸೋಮವಾರ, ಅವನು ಮೊದಲು ತರಗತಿಗೆ ಹೋದ. ಮೂರನೇ ಬೀರುವಿನ ತಟ್ಟೆಯನ್ನು ಮೇಜಿನ ಮೇಲಿಟ್ಟು, ನಡೆದದ್ದನ್ನು ಒಂದೂ ಬಿಡದೆ ಹೇಳಿದ. ಇದು ಕಾಲೇಜಿಗೆ ಬಂದು ಅರವತ್ತು ವರ್ಷವಾದರೂ ತಪ್ಪು ಚೀಟಿಯ ಕೆಳಗೆ ಕೂತಿದ್ದ ಅಪರೂಪದ ಕಲ್ಲು, ಇದರ ನಿಜ ಹೆಸರು ಲಿವಿಂಗ್‌ಸ್ಟೋನೈಟ್, ಕೈಯಲ್ಲಿ ಹಿಡಿದ ಮಾತ್ರಕ್ಕೆ ಭಾರ ಬೇರೆ ಇದೆ ಎಂದು ಗುರುತಿಸಿದವರು ಬೆನಕಪ್ಪ, ನಾನಲ್ಲ ಎಂದ. ಮಧುಶ್ರೀ ಎದ್ದು ನಿಂತಳು.

"ಪ್ರಿನ್ಸಿಪಾಲರ ರೂಮಲ್ಲಿ ನನ್ನ ಕೇಳ್ತಿದ್ರಲ್ಲ ಸಾರ್, ಆಗ್ಲೇ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತಮ್ಮ."

ಅವಳು ಕೂತು, ನೋಟ್‌ಬುಕ್ಕು ಮುಚ್ಚಿ, ಕಿಟಕಿಯ ಕಡೆ ತಿರುಗಿದಳು. ಆ ವರ್ಷ ಮುಗಿಯುವವರೆಗೆ ಅವಳು ಎಲ್ಲ ತರಗತಿಗೂ ಬಂದಳು, ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಹೇಳಿದಳು, ಅವನನ್ನು ತಾನಾಗಿ ಒಂದು ಸಲವೂ ಏನನ್ನೂ ಕೇಳಲಿಲ್ಲ. ಎಂಎಸ್ಸಿ ಅರ್ಜಿಗೆ ಬೇಕಾದ ಶಿಫಾರಸು ಪತ್ರವನ್ನು ರಸಾಯನಶಾಸ್ತ್ರದವರಿಂದ ಬರೆಸಿಕೊಂಡಳು.

ಆ ಸೋಮವಾರವೇ ಪ್ರಿನ್ಸಿಪಾಲರಿಗೂ ಎಲ್ಲ ಹೇಳಿ, ಅವನು ಟಿಪ್ಪಣಿಯನ್ನು ಹಿಂದಕ್ಕೆ ಪಡೆದ. ದಿನಪತ್ರಿಕೆಯವರು ಎರಡು ಸಾಲಿನ ತಿದ್ದುಪಡಿ ಹಾಕಿದರು. ಮುಖ್ಯಸ್ಥನ ಜಾಗದಿಂದ ಅವನನ್ನು ಇಳಿಸಿದರು. ಬೆನಕಪ್ಪನ ಮೇಲಿನ ನೋಟಿಸು ರದ್ದಾಯಿತು. ಅವನು ಏನೂ ಆಗಿಲ್ಲವೆಂಬಂತೆ ಬಂದು ಉಳಿದ ದಿನಗಳ ಕೆಲಸ ಮಾಡಿದ. ಮಕ್ಕಳು ಅವನಿಗೊಂದು ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಯೋಗಾನಂದ ನಾಲ್ಕು ಮಾತು ಬರೆದುಕೊಂಡು ಹೋಗಿದ್ದ. ಆದರೆ ಎದ್ದು ನಿಂತಾಗ, ತಾನು ಈಗ ಏನು ಹೊಗಳಿದರೂ ಅದು ತನ್ನನ್ನೇ ತೊಳೆದುಕೊಂಡ ಹಾಗಾಗುತ್ತದೆ ಎನ್ನಿಸಿ, ಕಾಗದವನ್ನು ಜೇಬಿಗಿಟ್ಟು, ಕೈಮುಗಿದು ಕೂತುಬಿಟ್ಟ.

ಸಂಜೆ ಇಬ್ಬರೂ ಬಸ್‌ಸ್ಟ್ಯಾಂಡಿನವರೆಗೆ ಒಟ್ಟಿಗೆ ನಡೆದರು. ಬೆನಕಪ್ಪ ಈ ಸಲ ಹಿಂಗಾರು ಹೆಂಗಾಗ್ತದೋ ಎಂದೂ, ತೀರ್ಥಮ್ಮನ ಮಂಡಿನೋವಿನ ಬಗ್ಗೆಯೂ ಮಾತಾಡಿದ. ಕಡೂರು ಬಸ್ಸು ಬಂತು. ಬೆನಕಪ್ಪ ಹತ್ತಿ, ಕಿಟಕಿ ಪಕ್ಕ ಕೂತು, ಏನೋ ನೆನಪಾದವನಂತೆ ತಲೆ ಹೊರಗೆ ಹಾಕಿದ.

"ಸಾರ್, ಐದನೇ ಬೀರು ಎಡಗಡೆ ಬಾಗಿಲು ಒಂಚೂರು ಮ್ಯಾಲಕ್ಕೆ ಎತ್ತಿ ತೆಗೀರಿ. ಸುಮ್ನೆ ಎಳುದ್ರೆ ಕೀಲು ಕಿತ್ಕೊಂಡು ಬತ್ತದೆ."

ಯೋಗಾನಂದ ಆಗಲಿ ಎಂದು ತಲೆ ಆಡಿಸಿದ. ಕಂಡಕ್ಟರು ಸೀಟಿ ಊದಿದ. ಬಸ್ಸು ಹೊರಟಿತು.